ಮಾದಿಯ ಮಡಕೆ

ಭತ್ತ ಬರಬೇಕಾದ ದಿನ ಭತ್ತದ ಬದಲು ಕುಟ್ಟಪ್ಪ ಬರಿಗೈಯಲ್ಲಿ ಬಂದ. ಬಂದವನು ಅಂಗಳದ ಅಂಚಿನಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತು, "ಹೋದ ತಿಂಗಳ ಗೋಣಿಚೀಲ ಕೊಡಿ," ಎಂದ.

ಕೆಂಚಿ ಮೊರದ ತುಂಬ ಕೆಸುವಿನ ಎಲೆ ಹರಡಿಕೊಂಡು ನಾರು ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ. ತನ್ನ ಮಗಳು ಚೋಮಿಯನ್ನು ಬಿಟ್ಟು ಇನ್ನೊಬ್ಬಳನ್ನು ತಂದುಕೊಂಡ ಅಳಿಯನಿಗೆ ತಲೆ ಎತ್ತಿ ಮಾತಾಡುವಷ್ಟು ಮರ್ಯಾದೆ ಕೊಡುವುದನ್ನು ಅವಳು ಎಂದೋ ನಿಲ್ಲಿಸಿದ್ದಳು.

"ತುಂಬಿದ ಚೀಲ ತಂದೋರು ಖಾಲಿ ಚೀಲ ಕೇಳ್ಬೇಕು. ತುಂಬಿದ್ದೆಲ್ಲಿ?"

"ತುಂಬಿದ್ದು ಇನ್ಮೇಲೆ ಇಲ್ಲ."

"ಯಾಕೆ, ಗದ್ದೆ ಏನಾದ್ರೂ ಕಾಲು ಬಂದು ಎದ್ದು ಹೋಯ್ತಾ?"

"ಗದ್ದೆ ಇದ್ದಲ್ಲೇ ಐತೆ. ನಿಮ್ಮನೆಗೆ ಗಂಡಸು ಬಂದವ್ನೆ. ಅವನು ಉಣ್ಣೋ ಮನೆಗೆ ನಾನು ಭತ್ತ ಹೊರಲ್ಲ. ಮಾದಿ ನನ್ ಮಗಳು. ಅವಳು ನಮ್ಮನೇಲಿ ಬಂದು ಉಣ್ಲಿ."

ಕೆಂಚಿಯ ಕೈ ನಿಂತಿತು. ಆ ಕೊನೆಯ ಮಾತಿಗೇ ಅವನು ಬಂದದ್ದು ಎಂದು ಅವಳಿಗೆ ಗೊತ್ತಾಯಿತು. ಕುಟ್ಟಪ್ಪನ ಹೊಸ ಹೆಂಡತಿ ಹೆತ್ತು ತಿಂಗಳಾಗಿತ್ತು. ತೊಟ್ಟಿಲು ತೂಗುವುದಕ್ಕೆ, ನೀರು ಹೊರುವುದಕ್ಕೆ, ಕೂಲಿ ಕೇಳದ ಒಂದು ಹೆಣ್ಣು ಮಗು ಬೇಕಾಗಿತ್ತು. ಒಂಬತ್ತು ವರ್ಷದ ಮಾದಿ ಅದಕ್ಕೆ ಅಳತೆ ಹಿಡಿದು ಹೊಲಿಸಿದ ಹಾಗಿದ್ದಳು.

ಚೋಮಿ ಗಂಡನ ಮನೆ ಬಿಟ್ಟು ಬಂದಾಗ ಕುಲದ ಹಿರಿಯರು ಕೂತು ತೀರ್ಮಾನ ಮಾಡಿದ್ದರು. ಮಗು ತಾಯಿಯ ಹತ್ತಿರ ಇರಲಿ, ಅದರ ಅನ್ನಕ್ಕೆ ತಂದೆ ತಿಂಗಳಿಗೊಂದು ಚೀಲ ಭತ್ತ ಕೊಡಲಿ. ಕುಟ್ಟಪ್ಪ ತಿತಿಮತಿಯ ಹತ್ತಿರ ಪಟೇಲ ನಾಣಯ್ಯನವರ ಗದ್ದೆಯನ್ನು ವಾರಕ್ಕೆ, ಬೆಳೆಯಲ್ಲಿ ಪಾಲು ಕೊಟ್ಟು, ಮಾಡುತ್ತಿದ್ದ. ಗೊಣಗಿಕೊಂಡಾದರೂ ಕೊಡುತ್ತ ಬಂದಿದ್ದ. ಈ ವರ್ಷ ಕೈಲ್ ಮುಹೂರ್ತದ ಹಬ್ಬ ಕಳೆದ ಮೇಲೆ ಚೋಮಿ ಗುಂಡ ಎಂಬವನನ್ನು ಕೂಡಿಕೆ, ಎಂದರೆ ಎರಡನೆಯ ಮದುವೆ, ಮಾಡಿಕೊಂಡಳು. ಅದೇ ಹಿರಿಯರು ಅದೇ ಬಾಯಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಒಪ್ಪಿದ್ದರು. ಗುಂಡ ಒಂದು ತಗಡಿನ ಪೆಟ್ಟಿಗೆ ಹೊತ್ತುಕೊಂಡು, ಪಾಲಿಬೆಟ್ಟದ ಬಿಳಿ ದೊರೆಯ ಕಾಫಿ ತೋಟದ ಬೇಲಿಗೆ ಆತುಕೊಂಡಿದ್ದ ಕೆಂಚಿಯ ಹುಲ್ಲುಮನೆಗೆ ಬಂದ. ಅವರು ಕೂಡಿದ್ದಷ್ಟೇ ಬಂತು, ಕೂಡಿಟ್ಟದ್ದು ಇಬ್ಬರಲ್ಲೂ ಏನೂ ಇರಲಿಲ್ಲ.

ಸಾಯಂಕಾಲ ಚೋಮಿ ತೋಟದ ಕೆಲಸ ಮುಗಿಸಿ ಬಂದು ವಿಷಯ ಕೇಳಿ, ಕುಕ್ಕೆಯನ್ನು ನೆಲಕ್ಕೆ ಕುಕ್ಕಿದಳು.

"ಅವನ ಮನೆಗೆ ಹೆಂಗಸು ಬಂದ್ರೆ ಹಬ್ಬ. ನನ್ನ ಮನೆಗೆ ಗಂಡಸು ಬಂದ್ರೆ ಭತ್ತ ಬಂದ್! ಇದ್ಯಾವ ನ್ಯಾಯ?"

"ನ್ಯಾಯ ಆಮೇಲೆ. ಮಗು ಹೋಯ್ತದೆ ಕಣೆ," ಎಂದಳು ಕೆಂಚಿ. "ನಾನು ಬಡ್ಕೊಂಡೆ, ಈಗಲೇ ಬೇಡ ಅಂತ. ಅವನೋ ದೊರೆ ಬಂಗ್ಲೆ ಬಟ್ಲರು. ಬಟ್ಲು ತೊಳೆಯೋನಿಗೆ ಬಟ್ಲರ್ ಅಂತ ಹೆಸರು. ಗುಂಡ ಅಂತೆ ಗುಂಡ, ನೋಡಿದ್ರೆ ಒಲೆ ಕೆದಕೋ ಕಡ್ಡಿ."

ಕಡ್ಡಿ ಆಗ ಒಲೆಯ ಮುಂದೆಯೇ ಕೂತಿತ್ತು. ಕೆದಕುವುದನ್ನು ನಿಲ್ಲಿಸದೆ, "ಅತ್ತೆಮ್ಮ, ಉಪ್ಪು ಎಷ್ಟು ಹಾಕ್ಲಿ?" ಎಂದು ಕೇಳಿತು.

*

ಮಾರನೆಯ ದಿನ ಎಲ್ಲರೂ ಪಟೇಲರ ಜಗಲಿಗೆ ಹೋದರು. ನಾಣಯ್ಯನವರು ವಿರಾಜಪೇಟೆಗೆ ಹೊರಟಿದ್ದರು. ಕೋಟು ಹಾಕಿಯಾಗಿತ್ತು, ಗಾಡಿ ಕಟ್ಟಿಯಾಗಿತ್ತು. ಆತುರದ ತೀರ್ಪು ಎಂದರೆ ಅಂಗಡಿಯ ಸಿದ್ಧ ಅಂಗಿಯ ಹಾಗೆ, ಯಾರಿಗೂ ಸರಿಯಾಗಿ ಕೂರುವುದಿಲ್ಲ; ಆದರೂ ಹಾಕಿಕೊಂಡೇ ಹೋಗಬೇಕು.

"ನಿನ್ನ ತಕರಾರು ಎಂತದು ಕುಟ್ಟಪ್ಪ? ಮಗುವಿಗೆ ಕೊಡುವುದಕ್ಕಾ, ಅವನಿಗೆ ಹೋಗುವುದಕ್ಕಾ?"

"ಅವನಿಗೆ ಹೋಗೋದಕ್ಕೆ ಅಯ್ಯ. ಮಗೂದು ಮಗೂಗೇ ಹೋಯ್ತದೆ ಅಂತ ಯಾರು ಕಂಡೋರು?"

"ಹಾಗಾದರೆ ಕೇಳಿ. ಭತ್ತ ನಿಲ್ಲಿಸುವ ಹಾಗಿಲ್ಲ. ಮಗುವಿನ ಅಕ್ಕಿ ಬೇರೆ ಮಡಕೆಯಲ್ಲಿ ಬೇಯಲಿ. ಮಗು ಬಿಟ್ಟು ಬೇರೆ ಯಾರೂ ಅದರ ಒಂದು ಅಗುಳು ಮುಟ್ಟಬಾರದು. ಮುಟ್ಟಿದರೆ ಮಗು ತಂದೆಯ ಮನೆಗೆ. ಕುಟ್ಟಪ್ಪ, ನಿನ್ನ ತಾಯಿ ಯಾವಾಗ ಬೇಕಾದರೂ ಹೋಗಿ ನೋಡಿಕೊಂಡು ಬರಲಿ. ಹುತ್ತರಿಯ ಸುಗ್ಗಿ ಹಬ್ಬಕ್ಕೆ ಮುಂಚೆ ನಾನು ಕೇಳುತ್ತೇನೆ. ಆಯಿತಲ್ಲ?"

ಗಾಡಿ ಹೊರಟಿತು. ಕುಟ್ಟಪ್ಪನ ತಾಯಿ ಲಿಂಗಿ ಅಲ್ಲೇ ಕಂಬಕ್ಕೆ ಒರಗಿ ನಿಂತು ಕೆಂಚಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಬರ್ತೀನಿ ಬೀಗಿತ್ತಿ. ಹೇಳಿ ಬರಲ್ಲ."

"ಬಾ ತಾಯಿ. ನಾಯಿ ಕಟ್ಟಲ್ಲ," ಎಂದಳು ಕೆಂಚಿ.

ಮನೆಗೆ ಬಂದು ಕೆಂಚಿ ಮೊಮ್ಮಗಳ ಮುಂದೆ ಇಡೀ ಪಂಚಾಯಿತಿಯನ್ನು ಒಬ್ಬಳೇ ಆಡಿ ತೋರಿಸಿದಳು. ನಾಣಯ್ಯನವರು ನಶ್ಯ ಏರಿಸಿ ಮೂಗಿನಲ್ಲೇ ತೀರ್ಪು ಕೊಡುವುದು, ಕುಟ್ಟಪ್ಪ "ಅಯ್ಯ, ಅಯ್ಯ" ಎಂದು ಆಕಳಿನ ಕರುವಿನ ಹಾಗೆ ಎಳೆಯುವುದು, ಲಿಂಗಿ ಎಲೆ ಅಡಿಕೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿ ಮಾತು ಶುರು ಮಾಡುವುದು. ಮಾದಿ ನಕ್ಕು ನಕ್ಕು ನೆಲಕ್ಕೆ ಬಿದ್ದಳು. ಕೆಂಚಿ ಆಡುತ್ತಿದ್ದದ್ದು ಮಗು ನಗಲಿ ಎಂದು. ನಗುವ ಮಗುವನ್ನು ನೋಡುತ್ತಿದ್ದಾಗ ಮಾತ್ರ ಹುತ್ತರಿಗೆ ಇನ್ನೆಷ್ಟು ವಾರ ಎಂಬ ಲೆಕ್ಕ ಅವಳನ್ನು ಬಿಡುತ್ತಿತ್ತು.

*

ಒಲೆಯ ಮೇಲೆ ಎರಡು ಮಡಕೆ ಬಂದವು. ದೊಡ್ಡದರಲ್ಲಿ ತೋಟದ ಸ್ಟೋರಿನಿಂದ ಚೋಮಿಗೆ ಸಿಗುವ ರಂಗೂನ್ ಅಕ್ಕಿ: ದಪ್ಪ, ಕೆಂಪು ಮಿಶ್ರಿತ, ಗೋಣಿಯ ವಾಸನೆ. ಚಿಕ್ಕದರಲ್ಲಿ ಮಾದಿಯ ಸಣ್ಣಕ್ಕಿ: ಮಲ್ಲಿಗೆ ಮೊಗ್ಗಿನ ಹಾಗೆ ಬಿಳುಪು. ಅದರ ಉಸ್ತುವಾರಿಯನ್ನು ಗುಂಡ ಕೇಳದೆಯೇ ವಹಿಸಿಕೊಂಡ.

"ನನಗೆ ಇದು ಹೊಸದಲ್ಲ ಅತ್ತೆಮ್ಮ," ಎಂದ. "ದೊರೆಗೆ ದಿನಾ ಬೇಯ್ಸಿ ಇಡ್ತೀನಿ. ರುಚಿ ನೋಡೋ ಹಾಗಿಲ್ಲ. ಉಪ್ಪು ಹೆಚ್ಚೋ ಕಮ್ಮಿಯೋ ದೊರೆ ಮುಖ ನೋಡಿ ತಿಳ್ಕೊಳ್ತೀನಿ."

"ಹೆಚ್ಚಾದ್ರೆ ಏನಂತಾರೆ ಚಿಕ್ಕಯ್ಯ?" ಎಂದು ಮಾದಿ ಕೇಳಿದಳು.

ಕೆಂಚಿ ಬಿಡುತ್ತಾಳೆಯೇ? ಹೊಟ್ಟೆ ಮುಂದೆ ಮಾಡಿ, ಬೀಡಿಯನ್ನು ಚುರುಟಿನ ಹಾಗೆ ಕಚ್ಚಿ, "ಗುಂದಾ! ಇದು ಸೂಪು ಇಲ್ಲಾ! ಇದು ಸಮುದ್ರಾ ಇದೆ!" ಎಂದಳು. ಗುಂಡ ಗಾಬರಿಯಾಗಿ ಅರ್ಧ ಎದ್ದೇಬಿಟ್ಟ. ಆಮೇಲೆ ಅವನೂ ನಕ್ಕ. ಕೆಂಚಿ ನಗಲಿಲ್ಲ. ಅವನನ್ನು ನಗಿಸುವುದು ಅವಳ ಉದ್ದೇಶವಾಗಿರಲಿಲ್ಲ.

ಒಂದು ಮಡಕೆ ಎರಡಾದ ಮೇಲೆ ಜಗಳ ನಾಲ್ಕಾದವು. ಮೊದಲನೆಯದು ಗಂಜಿಯ ತಿಳಿಗಾಗಿ. ಸಣ್ಣಕ್ಕಿ ಬಸಿದ ತಿಳಿಯನ್ನು ಮಾದಿ ಕುಡಿದು ಉಳಿದದ್ದಕ್ಕೆ ಚೋಮಿ ಸೀರೆ ಅದ್ದಲು ಹೋದಳು.

"ಬೇಡ ಚೋಮಿ," ಎಂದ ಗುಂಡ.

"ಸೀರೆ ತಿನ್ನಲ್ಲ ಮಾರಾಯ, ನೆನೆಯುತ್ತೆ ಅಷ್ಟೆ!"

"ನಿನ್ನ ಸೀರೆ ಗರಿಗರಿ ಅನ್ನೋದು ಲಿಂಗಜ್ಜಿ ಕಿವಿಗೆ ಬಿದ್ರೆ?"

ತಿಳಿ ಬಾಳೆಯ ಬುಡಕ್ಕೆ ಹೋಯಿತು. "ಬಾಳೆಗೊನೆ ಬಿಟ್ರೆ ಅದು ಯಾರ ಪಾಲು? ಪಟೇಲರನ್ನ ಕೇಳ್ಕೊಂಡು ಬಾ," ಎಂದು ಕೆಂಚಿ ಕುಟುಕಿದಳು.

ಆಮೇಲೆ ತೌಡು. ಮಾದಿಯ ಭತ್ತ ಕುಟ್ಟಿದಾಗ ಬಂದ ತೌಡನ್ನು ಕೆಂಚಿಯ ಕೋಳಿ ತಿಂದಿತು. ತಿಂದ ಕೋಳಿ ಮೊಟ್ಟೆ ಇಟ್ಟಿತು. ಆ ಮೊಟ್ಟೆಯನ್ನು ಕೆಂಚಿ ತನ್ನ ಸಾರಿಗೆ ಒಡೆಯುವಷ್ಟರಲ್ಲಿ ಗುಂಡ ಕೆಮ್ಮಿದ.

"ಕೋಳಿ ನಂದು!" ಎಂದಳು ಕೆಂಚಿ.

"ಕೋಳಿ ನಿಮ್ದೇ. ತೌಡು ಮಗೂದು."

"ಹಂಗಾದ್ರೆ ಹುಂಜದ ಕೂಗು ಯಾರದ್ದೋ? ಬೆಳಗಾದ್ರೆ ನಾವು ಏಳೋದು ಬೇಡ್ವಾ?"

ಮೊಟ್ಟೆ ಮಾದಿಯ ತಟ್ಟೆಗೆ ಹೋಯಿತು. ಮಾದಿ ಅದನ್ನೂ ಒಬ್ಬಳೇ, ಗೋಡೆಯ ಪಕ್ಕ, ಬೇರೆ ಮಣೆಯ ಮೇಲೆ ಕೂತು ತಿಂದಳು. ತಪ್ಪಿ ಒಂದು ಅಗುಳು ಬೇರೆ ತಟ್ಟೆಗೆ ಹಾರಬಾರದೆಂದು ಗುಂಡನೇ ಅವಳ ಮಣೆಯನ್ನು ಅಷ್ಟು ದೂರ ಇಟ್ಟಿದ್ದ. ಈ ಕಡೆ ಮೂವರೂ ರಂಗೂನ್ ಅಕ್ಕಿಯ ಅನ್ನಕ್ಕೆ ಕೆಸುವಿನ ಗೊಜ್ಜು ಕಲೆಸಿ ಸೊರ ಸೊರ ಎಂದು ಉಣ್ಣುತ್ತಿದ್ದರೆ, ಆ ಕಡೆಯಿಂದ ಒಂದು ಸಣ್ಣ ದನಿ ಬಂತು.

"ಅವ್ವ, ನಂಗೆ ಬಿಳೀದು ಬೇಡ. ನಂಗೂ ರಂಗೂನು ಬೇಕು."

"ಮಹಾರಾಣಿಗೆ ಸಣ್ಣಕ್ಕಿ ಸಾಲ್ದಾ?" ಎಂದು ಚೋಮಿ ಗದರಿದಳು. ಗದರಿ ಮುಗಿಸಿ, ಎದ್ದು ಹೊರಗೆ ಹೋಗಿ ಮೂಗು ಸೀಟಿದಳು.

ಅವತ್ತು ಕೆಂಚಿಗೆ ತಡೆಯಲಾಗಲಿಲ್ಲ. ಬಂಗಲೆಗೆ ಹೊರಟಿದ್ದ ಗುಂಡನನ್ನು ಬೇಲಿಯ ಹತ್ತಿರ ನಿಲ್ಲಿಸಿದಳು.

"ನೋಡಪ್ಪ. ನೀನು ಕೆಟ್ಟೋನು ಅಂತ ನಾನು ಹೇಳಲ್ಲ. ಆದ್ರೆ ನೀನು ಬಂದ್ಮೇಲೆ ಇದೆಲ್ಲ ಶುರುವಾಗಿದ್ದು. ನೀನು ನಿನ್ನ ಪೆಟ್ಟಿಗೆ ಎತ್ಕೊಂಡು ಹೋದ್ರೆ ಮಗು ಉಳೀತದೆ."

ಗುಂಡ ತನ್ನ ಬಿಳಿ ಅಂಗಿಯ ತೋಳಿನ ಮಸಿ ಉಜ್ಜಿದ.

"ಹೋಗ್ತೀನಿ ಅಂದ್ರೆ ಚೋಮಿ ಬಿಡಲ್ಲ. ಇರ್ತೀನಿ ಅಂದ್ರೆ ನೀವು ಬಿಡಲ್ಲ. ಹುತ್ತರಿ ತನಕ ಬಿಡಿ ಅತ್ತೆಮ್ಮ. ಮಗು ಹೋಗೋ ಹಾಗಾದ್ರೆ ನಾನೇ ಹೋಗ್ತೀನಿ. ನೀವು ಹೇಳೋದು ಬೇಡ."

ಕೆಂಚಿ ಹೂಂ ಎಂದಳು. ಅವನು ಇಳಿಜಾರಿನಲ್ಲಿ ಮರೆಯಾಗುವ ತನಕ ಬೇಲಿಯ ಗೂಟ ಹಿಡಿದುಕೊಂಡೇ ಇದ್ದಳು.

*

ಲಿಂಗಿ ದೀಪಾವಳಿ ಕಳೆದ ವಾರ ಬಂದಳು, ಹೇಳಿದ ಹಾಗೆ ಹೇಳದೆ. ಮಧ್ಯಾಹ್ನ ದೊರೆಯ ಊಟ ಮುಗಿಸಿ, ಚಹಾದ ಹೊತ್ತಿಗೆ ಇನ್ನೂ ಸಮಯವಿದ್ದದ್ದರಿಂದ ಗುಂಡ ಮನೆಯಲ್ಲಿದ್ದ. ಚೋಮಿ ತೋಟದಲ್ಲಿದ್ದಳು. ಮಾದಿ ಉಂಡು ತೊರೆಯ ಕಡೆ ಆಡಲು ಹೋಗಿದ್ದಳು.

ಲಿಂಗಿ ಒಳಗೆ ಬಂದವಳೇ ಎರಡೂ ಮಡಕೆಯ ಮುಚ್ಚಳ ಎತ್ತಿ ನೋಡಿದಳು. ಸೌಟು ಎರಡು ಬೇರೆ ಇರುವುದನ್ನು ನೋಡಿದಳು. ತಟ್ಟೆ ನೋಡಿದಳು. ತಪ್ಪು ಸಿಗದೆ ನಿರಾಸೆಯಾಗಿ ಗೋಡೆಗೆ ಒರಗಿ ಕಾಲು ಚಾಚಿದಳು. ತಿತಿಮತಿಯಿಂದ ನಡೆದೇ ಬಂದಿದ್ದಳು, ಕಾಲು ಊದಿತ್ತು.

"ಆ ಚಿಕ್ಕ ಮಡಕೇಲಿ ಉಳಿದದ್ದು ನಮ್ ಗದ್ದೆ ಅನ್ನ ತಾನೆ?" ಎಂದಳು.

"ನಿಮ್ದೇ ಬೀಗಿತ್ತಿ. ರಾತ್ರಿಗೆ ಮಗೂಗೆ ಅಂತ ಐತೆ."

"ಒಂದು ತುತ್ತು ಹಾಕು. ಸಣ್ಣಕ್ಕಿ ಬಾಯಿಗೆ ಬಿದ್ದು ಎಷ್ಟು ದಿನ ಆಯ್ತೋ. ನಮ್ಮನೇಲಿ ಬೆಳೆಯೋರು ನಾವು, ಸಂತೆಗೆ ಹಾಕೋಳು ಹೊಸ ಸೊಸೆ. ನಂಗೆ ರಾಗಿ ಗಂಜಿ."

ಕೆಂಚಿಗೆ ದೇವರೇ ಒಲಿದು ಬಂದ ಹಾಗಾಯಿತು. ಈ ಹೆಂಗಸಿನ ಬಾಯಿಯಲ್ಲಿ ಮಗುವಿನ ಭವಿಷ್ಯವಿದೆ. ಆ ಬಾಯಿಗೆ ಒಂದು ತುತ್ತು ಹಾಕಿದರೆ, ಅದರಿಂದ ಒಳ್ಳೆಯ ಮಾತು ಬರುವುದಿಲ್ಲವೇ? ಅವಳು ಸರಸರನೆ ತಟ್ಟೆ ಇಟ್ಟು, ಚಿಕ್ಕ ಮಡಕೆಯ ಚಿಪ್ಪಿನ ಸೌಟು ಎತ್ತಿದಳು. ಎತ್ತಿದ ಸೌಟು ಮಡಕೆ ದಾಟಲಿಲ್ಲ. ಅದರ ಹಿಡಿಯ ಇನ್ನೊಂದು ತುದಿಯನ್ನು ಗುಂಡ ಹಿಡಿದಿದ್ದ.

"ಬಿಡೋ!"

"ಬೇಡ ಅತ್ತೆಮ್ಮ."

ಅವನು ಸೌಟನ್ನು ಮೆಲ್ಲಗೆ ಕಿತ್ತುಕೊಂಡು, ಮಡಕೆಗೆ ಮುಚ್ಚಳ ಹಾಕಿ, ಲಿಂಗಿಯ ಕಡೆ ತಿರುಗಿ ಕೈಕಟ್ಟಿ ನಿಂತ. ದೊರೆಯ ಹೆಂಡತಿಯ ಮುಂದೆ ಕೋಳಿ ಸೀದುಹೋಗಿದೆ ಎಂದು ಒಪ್ಪಿಕೊಳ್ಳುವಾಗ ನಿಲ್ಲುವ ಹಾಗೆ.

"ತಪ್ಪು ತಿಳೀಬೇಡಿ ಅಮ್ಮ. ಅದು ಮಗೂ ಪಾಲು. ನಿಮಗೂ ಕೊಡೋ ಹಾಗಿಲ್ಲ. ನಿಮಗೆ ಹಸಿವಾಗಿದ್ರೆ ನಮ್ಮ ಪಾಲಿಂದು ಹಾಕ್ತೀನಿ. ಏಡಿ ಸಾರು ಮಾಡಿದೀನಿ."

"ಏನಂದೆ? ನನ್ ಮಗ ಉತ್ತ ಗದ್ದೆ, ನಾನು ನಾಟಿ ನೆಟ್ಟ ಗದ್ದೆ, ಆ ಅಕ್ಕಿ ನಂಗೇ ಇಲ್ವಾ?"

"ನಿಮ್ಮ ಮನೇಲಿ ಇದ್ದಾಗ ನಿಮ್ದು. ಆ ಚೀಲ ಈ ಅಂಗಳ ದಾಟಿದ್ಮೇಲೆ ಮಾದೀದು."

ಲಿಂಗಿ ಬೈದಳು. ಬಟ್ಲರನ ಕುಲ, ದೊರೆಯ ಎಂಜಲು, ಚೋಮಿಯ ಕಣ್ಣು, ಯಾವುದನ್ನೂ ಬಿಡದೆ ಬೈದಳು. ಗುಂಡ ಅಷ್ಟರಲ್ಲಿ ತಟ್ಟೆಗೆ ರಂಗೂನ್ ಅನ್ನ ಹಾಕಿ, ನಡುವೆ ಗುಳಿ ಮಾಡಿ, ಬಿಸಿ ಬಿಸಿ ಏಡಿ ಸಾರು ಬಿಟ್ಟು ಮುಂದಿಟ್ಟ. ಅವಳು ಬೈಯಲು ಬಾಯಿ ತೆರೆಯುವುದು, ತೆರೆದ ಬಾಯಿಗೆ ಏಡಿಯ ಕಾಲು ಹಾಕಿಕೊಳ್ಳುವುದು, ಚೀಪಿ ಮುಗಿಸಿ ಮತ್ತೆ ಬೈಯುವುದು, ಹೀಗೇ ನಡೆಯಿತು. ಎರಡನೆಯ ಸಲ ಅವನು ಕೇಳದೆಯೇ ಬಡಿಸಿದ. ಮೂರನೆಯ ಸಲ ಅವಳೇ ತಟ್ಟೆ ಮುಂದೆ ತಳ್ಳಿ ಬೈದಳು.

ಹೊರಟಾಗ ಹೊಸ್ತಿಲಲ್ಲಿ ನಿಂತು, "ಇದನ್ನ ಪಟೇಲರಿಗೆ ಹೇಳ್ದೇ ಬಿಡಲ್ಲ," ಎಂದಳು.

ಅವಳ ಬೆನ್ನು ಮರೆಯಾದದ್ದೇ ಕೆಂಚಿ ನೆಲಕ್ಕೆ ಕೂತುಬಿಟ್ಟಳು. "ಕಳೆದೆಯಲ್ಲೋ. ಒಂದು ತುತ್ತು ಅನ್ನಕ್ಕೆ ನನ್ನ ಮಗೂನ ಕಳೆದೆಯಲ್ಲೋ, ಕಡ್ಡಿ."

ಗುಂಡ ತಟ್ಟೆ ತೊಳೆದಿಟ್ಟು ಚಹಾದ ಹೊತ್ತಾಯಿತೆಂದು ಬಂಗಲೆಗೆ ಹೋದ. ರಾತ್ರಿ ವಿಷಯ ಕೇಳಿದ ಚೋಮಿ ಯಾರನ್ನೂ ಬೈಯಲಿಲ್ಲ. ಅದರಿಂದಲೇ ಕೆಂಚಿಗೆ ಹೆಚ್ಚು ಭಯವಾಯಿತು. ಆಮೇಲಿನ ದಿನಗಳಲ್ಲಿ ಕೆಂಚಿ ಯಾರ ಅಣಕವನ್ನೂ ಆಡಲಿಲ್ಲ. ಮಾದಿ "ಅಜ್ಜಿ, ದೊರೆ ಮಾಡು" ಎಂದು ಪೀಡಿಸಿದರೆ, "ದೊರೆಗೆ ಜ್ವರ ಬಂದೈತೆ" ಎನ್ನುತ್ತಿದ್ದಳು.

*

ಹುತ್ತರಿಗೆ ಮೊದಲು ನಾಣಯ್ಯನವರು ಕರೆಸಿದರು. ಈ ಸಲ ಗಾಡಿ ಕಟ್ಟಿರಲಿಲ್ಲ. ಜಗಲಿಯ ಮೇಲೆ ಆರಾಮವಾಗಿ ಕೂತು ಕಾಫಿ ಕುಡಿಯುತ್ತಿದ್ದರು. ಕುಟ್ಟಪ್ಪ ಹೊಸ ವಲ್ಲಿ ಹೊದ್ದು ಬಂದಿದ್ದ. ಚೋಮಿ ಮಾದಿಯ ಹೆಗಲು ಹಿಡಿದು ನಿಂತಿದ್ದಳು. ಗುಂಡ ಎಲ್ಲರಿಗಿಂತ ಹಿಂದೆ, ಕೆಂಚಿ ಅವನಿಗಿಂತ ದೂರ.

"ಲಿಂಗಿ, ನೀನು ಹೋಗಿ ನೋಡಿದೆಯಾ?"

ಲಿಂಗಿ ಎಲೆ ಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದಳು.

"ನೋಡ್ದೆ ಅಯ್ಯ. ಅವಮಾನ ಮಾಡಿ ಕಳಿಸಿದ್ರು! ನಮ್ ಗದ್ದೆ ಅಕ್ಕಿ ಒಂದು ತುತ್ತು ಕೇಳ್ದೆ. ಬೀಗಿತ್ತಿ ಸೌಟು ಎತ್ತಿದ್ಲು..."

ಕೆಂಚಿ ಎರಡು ಹೆಜ್ಜೆ ಮುಂದೆ ಬಂದಳು.

"ಕೇಳಿದ್ರಾ ಅಯ್ಯ!" ಕುಟ್ಟಪ್ಪ ಮುಂದೆ ಬಂದ. "ಸೌಟು ಎತ್ತಿದ್ಲಂತೆ! ಬೇರೆಯವರಿಗೆ ಬಡಿಸ್ತಾರೆ ಅಂತ ಆಯ್ತಲ್ಲ!"

"ತಡಿಯೋ," ಎಂದಳು ಲಿಂಗಿ. "ನನ್ ಮಾತು ಮುಗಿದಿಲ್ಲ. ಎತ್ತಿದ್ಲು. ಈ ಬಟ್ಲರು ಆ ಸೌಟು ಕಿತ್ಕೊಂಡ. 'ಅದು ಮಗೂ ಪಾಲು, ನಿಮಗೂ ಕೊಡೋ ಹಾಗಿಲ್ಲ' ಅಂದ. ಹೆತ್ತ ಮಗ ಬೆಳೆದ ಅಕ್ಕಿ ಅಯ್ಯ! ಒಂದು ಅಗುಳು ಕೊಡ್ಲಿಲ್ಲ! ಆ ದಪ್ಪ ರಂಗೂನ್ ಅಕ್ಕಿ ತಿನ್ನಿಸಿ ಕಳಿಸ್ದ."

ನಾಣಯ್ಯನವರ ಕಾಫಿ ಮೂಗಿಗೆ ಹತ್ತಿತು. ಅವರು ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು.

"ಹುಡುಗಿಯ ಸ್ವಂತ ಅಜ್ಜಿಗೇ ಕೊಡದವನು ತಾನು ತಿನ್ನುತ್ತಾನಾ ಕುಟ್ಟಪ್ಪ? ಇನ್ನೆಂತ ಸಾಕ್ಷಿ ಬೇಕು ನಿನಗೆ?"

"ನಮ್ಮವ್ವಂಗೆ ಅವಮಾನ ಮಾಡವ್ನೆ ಅಯ್ಯ!"

"ಮಾಡಿದ್ದಾನೆ. ಚೆನ್ನಾಗಿ ಮಾಡಿದ್ದಾನೆ. ಮಗು ಇರುವಲ್ಲಿಯೇ ಇರಲಿ. ಭತ್ತ ತಪ್ಪಬಾರದು. ಮತ್ತೆ, ಆ ಬೇರೆ ಮಡಕೆ ಇನ್ನು ಬೇಡ. ಅವಸರದಲ್ಲಿ ಹೇಳಿದ್ದು ನಾನು. ಮಗುವನ್ನು ಒಂಟಿಯಾಗಿ ಕೂರಿಸಿ ಉಣ್ಣಿಸುವ ಮಾತು ನನ್ನ ಬಾಯಿಂದ ಬರಬಾರದಿತ್ತು. ಎಲ್ಲ ಒಟ್ಟಿಗೆ ಉಣ್ಣಿ."

ಮೆಟ್ಟಿಲಿಳಿಯುವಾಗ ಕುಟ್ಟಪ್ಪ ತಾಯಿಯ ಮೇಲೆ ಹಾರಿಬಿದ್ದ. "ನಿಂಗೆ ಬಾಯಿ ಮುಚ್ಕೊಂಡಿರಕ್ಕೆ ಆಗ್ಲಿಲ್ವಾ? ಸೌಟು ಎತ್ತಿದ್ಲು ಅಂತ ಅಲ್ಲಿಗೇ ನಿಲ್ಲಿಸಿದ್ರೆ ಆಗಿತ್ತಲ್ಲ!"

"ಇದ್ದದ್ದು ಇದ್ದಂಗೆ ಹೇಳ್ದೆ. ಅರ್ಧ ಹೇಳ್ಬೇಕಿದ್ರೆ ನಿನ್ ಹೆಂಡ್ತೀನ ಕಳಿಸ್ಬೇಕಿತ್ತು," ಎಂದಳು ಲಿಂಗಿ. ಮಾದಿಯ ಹತ್ತಿರ ಬಂದು ಅವಳ ಗಲ್ಲ ಹಿಡಿದು ಎತ್ತಿದಳು. ದಪ್ಪವಾಗಿದ್ದಾಳೆಯೇ ಎಂದು ನೋಡುವವಳ ಹಾಗೆ ಕೆನ್ನೆ ಚಿವುಟಿದಳು. ಆಮೇಲೆ ಗುಂಡನ ಕಡೆ ತಿರುಗಿ, "ಏಡೀಗೆ ಹುಳಿ ಕಮ್ಮಿ ಆಗಿತ್ತು," ಎಂದು ಹೇಳಿ, ಮಗನಿಗಾಗಿ ಕಾಯದೆ ನಡೆದುಬಿಟ್ಟಳು.

ಕೆಂಚಿ ಓಡಿಹೋಗಿ ಅವಳ ಎರಡೂ ಕೈ ಹಿಡಿದುಕೊಂಡಳು.

"ಬಿಡು ಬೀಗಿತ್ತಿ, ದಾರಿ ದೂರ ಐತೆ," ಎಂದಳು ಲಿಂಗಿ. ಆದರೆ ಕೈ ಬಿಡಿಸಿಕೊಳ್ಳಲಿಲ್ಲ.

ವಾಪಸು ಬರುವಾಗ ಚೋಮಿಯೂ ಮಾದಿಯೂ ಮುಂದೆ ಹೋದರು. ಕೆಂಚಿ ಬೇಕೆಂದೇ ಹಿಂದೆ ಉಳಿದು ಗುಂಡನ ಜೊತೆ ನಡೆದಳು.

"ಅವತ್ತು ಸೌಟು ಕಿತ್ಕೊಂಡೆಯಲ್ಲ."

"ತಪ್ಪಾಯ್ತು ಅತ್ತೆಮ್ಮ."

"ತಪ್ಪಂತೆ! ನೀನು ಕಿತ್ಕೊಳ್ದೇ ಹೋಗಿದ್ರೆ ಇವತ್ತು ನಾನು ಮಗೂ ಬಟ್ಟೆ ಗಂಟು ಕಟ್ತಿದ್ದೆ. ಕೊಟ್ಟು ಕಳ್ಕೊಳ್ತಿದ್ದೆ ನಾನು, ಮುಠ್ಠಾಳಿ." ಸ್ವಲ್ಪ ದೂರ ನಡೆದು ಮತ್ತೆ ಹೇಳಿದಳು. "ಆ ಪೆಟ್ಟಿಗೆ ಬಾಗಿಲ ಹತ್ರ ಯಾಕೆ ಇಟ್ಟಿದೀಯ? ದಿನಾ ಕಾಲಿಗೆ ಎಡವ್ತದೆ. ಒಳಗೆ, ನನ್ನ ಪೆಟ್ಟಿಗೆ ಪಕ್ಕ ಇಡು."

ಗುಂಡ ತಲೆಯಾಡಿಸಿದ.

*

ಅವತ್ತು ಅಡಿಗೆ ತನ್ನದೇ ಎಂದು ಕೆಂಚಿ ಹಠ ಹಿಡಿದಳು. ಗುಂಡನನ್ನು ಒಲೆಯ ಹತ್ತಿರಕ್ಕೂ ಬಿಡಲಿಲ್ಲ. ಸಂತೋಷ ಅವಳ ಕೈಯನ್ನು ಎಲ್ಲೆಲ್ಲೋ ಕೊಂಡೊಯ್ಯಿತು. ಸಣ್ಣಕ್ಕಿಯನ್ನೂ ರಂಗೂನ್ ಅಕ್ಕಿಯನ್ನೂ ಒಟ್ಟಿಗೆ ತೊಳೆದು, ಒಟ್ಟಿಗೆ ದೊಡ್ಡ ಮಡಕೆಗೆ ಸುರಿದಳು. ಗುಂಡ ಬಾಗಿಲಿನಿಂದ ನೋಡಿ ಏನೋ ಹೇಳಲು ಬಾಯಿ ತೆರೆದ. ಚೋಮಿ ಅವನ ಅಂಗಿಯ ತುದಿ ಎಳೆದಳು. ಬಾಯಿ ಮುಚ್ಚಿದ.

ನಾಲ್ಕು ಮಣೆಯನ್ನೂ ಒಲೆಯ ಸುತ್ತ ಹಾಕಿದರು. ಮಾದಿ ಗುಂಡನಿಗೂ ಅಜ್ಜಿಗೂ ನಡುವೆ ನುಗ್ಗಿ ಕೂತಳು. ಅನ್ನ ಬಂತು. ಸಣ್ಣಕ್ಕಿ ಕರಗಿ ಗಂಜಿಯಾಗಿತ್ತು. ಅದರೊಳಗೆ ರಂಗೂನ್ ಅಕ್ಕಿ ಇನ್ನೂ ನಡುವೆ ಗಟ್ಟಿಯಾಗಿ, ಹಲ್ಲಿಗೆ ಸಿಕ್ಕಿದಾಗ ಕಟುಂ ಎನ್ನುತ್ತಿತ್ತು.

ಮಾದಿ ಒಂದು ತುತ್ತು ಬಾಯಿಗಿಟ್ಟು ಅಗಿದು ನಿಲ್ಲಿಸಿದಳು. "ಅಜ್ಜಿ, ಇದು ಕುಡಿಯೋದಾ, ಕಡಿಯೋದಾ?"

"ಸುಮ್ನೆ ಉಣ್ಣು," ಎಂದ ಗುಂಡ. ಈ ಮನೆಗೆ ಬಂದ ಮೇಲೆ ಸಣ್ಣಕ್ಕಿ ಅವನ ಬಾಯಿಗೆ ಬಿದ್ದದ್ದು ಇದೇ ಮೊದಲು. "ದೊರೆ ಬಂಗ್ಲೇಲೂ ಇಂಥ ಅನ್ನ ಸಿಗಲ್ಲ."

"ಸಿಕ್ಕಿದ್ರೆ ನಿನ್ನ ಕೆಲಸ ಹೋಗ್ತಿತ್ತು," ಎಂದಳು ಚೋಮಿ.

ಮೊದಲು ನಕ್ಕದ್ದು ಕೆಂಚಿ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು; ಸೆರಗಿನಿಂದ ಒರೆಸಿಕೊಂಡರೂ ನಿಲ್ಲಲಿಲ್ಲ. ಗುಂಡ ಖಾಲಿ ತಟ್ಟೆ ಮುಂದೆ ಹಿಡಿದ. ಅವಳು ಮಡಕೆಯ ತಳದವರೆಗೂ ಸೌಟು ಇಳಿಸಿ, ತುಂಬ ತುಂಬ ಎತ್ತಿ, ಅವನು ಸಾಕು ಸಾಕು ಅನ್ನುತ್ತಿದ್ದರೂ ಬಡಿಸಿದಳು.